ಲೈನಿನಕ್ಕ ಮೈಕ್ ಹಿಡಿದದ್ದು

ಮೊನ್ನೆ ದೀಪಾವಳಿಗೆ ಪಕ್ಕದ ಮನೆಯವರು ಪಟಾಕಿ ಹಚ್ಚಿದರು. ಮದ್ದಿನ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ಲೈನಿನಕ್ಕ ನೆನಪಾಗಿ ಒಬ್ಬಳೇ ನಗತೊಡಗಿದೆ.

ನಮ್ಮ ಸಣ್ಣ ಕಾಫಿ ತೋಟದ ಬೇಲಿಯಾಚೆ ದೊಡ್ಡ ಎಸ್ಟೇಟ್. ಅಲ್ಲಿನ ಕೆಲಸದವರ ಲೈನ್ ಮನೆಗಳಿಗೆ ಅಸ್ಸಾಮಿನಿಂದ ಜನ ಬಂದ ಮೊದಲ ವರ್ಷವದು. ಅವರಲ್ಲಿ ಹಿರಿಯಳಾದ ಹೆಂಗಸನ್ನು ಊರೆಲ್ಲ ಲೈನಿನಕ್ಕ ಅನ್ನುತ್ತಿತ್ತು. ಆಗಿನ್ನೂ ಮಾತುಕತೆ ಇರಲಿಲ್ಲ. ಯಾರೋ ಎಲ್ಲಿಯವರೋ ಅಂತ ನಾವು, ಹಾಗೇ ಅವರು...

ಒಂದು ಸಂಜೆ ಕಾಡಾನೆಯೊಂದು ಎಸ್ಟೇಟಿಗೆ ನುಗ್ಗಿತು. ಪಂಚಾಯಿತಿಯವರು ಮೈಕಿನಲ್ಲಿ ಕನ್ನಡದಲ್ಲಿ ಕೂಗಿ ಎಚ್ಚರಿಸಿದರು. ಆನೆ ಓಡಿಸಲು ಪಟಾಕಿ ಹೊಡೆದರು. ಅಸ್ಸಾಮಿನಲ್ಲೂ ಆನೆಗಳಿವೆಯಂತೆ, ಆದರೆ ನಮ್ಮ ಲೈನಿನವರು ಬಯಲು ನಾಡಿನವರು, ಇದನ್ನೆಲ್ಲ ಕಂಡವರಲ್ಲ. ಊರಲ್ಲಿ ಯಾವುದೋ ಹಬ್ಬವೆಂದುಕೊಂಡು ಡೋಲು ಬಡಿಯುತ್ತಾ ರಸ್ತೆಗೇ ಬಂದುಬಿಟ್ಟರು! ಎಲ್ಲರಿಗಿಂತ ಮುಂದೆ ಕುಣಿಯುತ್ತಾ ಲೈನಿನಕ್ಕ.

"ಒಳೀಕ್ ಹೋಗ್ರೇ, ಆನೆ ಐತೆ ಕಣ್ರೇ!" ಎಂದು ಅಂಗಳದಿಂದ ಕೈ ಬೀಸಿದೆ. ಹಬ್ಬಕ್ಕೆ ಕರೆಯುತ್ತಿದ್ದಾಳೆಂದು ಇಡೀ ದಂಡು ನಮ್ಮ ಅಂಗಳಕ್ಕೇ ಬಂತು. ಎಲ್ಲರನ್ನೂ ಒಳಗೆ ದಬ್ಬಿ ಬಾಗಿಲು ಹಾಕಿದೆ. ಕಿಟಕಿಯಲ್ಲಿ ನೋಡಿದರೆ ಅವರು ಕುಣಿದ ಜಾಗದಲ್ಲೇ ಸಲಗ ನಿಂತಿತ್ತು. ಲೈನಿನಕ್ಕ ನನ್ನ ಕೈ ಹಿಡಿದು ಗಳಗಳ ಅತ್ತಳು. ಆಮೇಲೆ ತಮ್ಮ ಹಬ್ಬ ನೆನೆದು ನಗತೊಡಗಿದಳು. ಬೆಲ್ಲದ ಕಾಫಿ ಕುಡಿಯುತ್ತಾ ನಾವೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಮುಂದಿನ ಗ್ರಾಮಸಭೆಗೆ ಅವಳು ನನ್ನ ಜೊತೆ ಬಂದಳು. ಆನೆ ಬಂದಾಗ ತಮ್ಮ ಭಾಷೆಯಲ್ಲೂ ಕೂಗಬೇಕು ಅನ್ನುವುದು ಹರಕುಮುರುಕು ಕನ್ನಡದಲ್ಲಿ ಅವಳಿಟ್ಟ ಬೇಡಿಕೆ.

"ಓಟಿಲ್ಲದೋರ್ಗೆ ಇಲ್ಲೇನ್ ಕೆಲಸ?" ಎಂದ ಹಿಂದಿನಿಂದ ಒಬ್ಬ.

ನನಗೆ ಮೈಯೆಲ್ಲ ಉರಿಯಿತು. "ಆನೆ ಓಟರ್ ಕಾರ್ಡ್ ನೋಡಿ ತುಳೀತೈತಾ ಮಾರಾಯ?" ಅಂದೆ. ಸಭೆ ಗೊಳ್ಳೆಂದಿತು. ಅವನೂ ನಕ್ಕ. ಕೊನೆಗೆ ಎದ್ದು ಬಂದು ಅವಳ ಕೈಗೆ ಮೈಕ್ ಕೊಟ್ಟವನೂ ಅವನೇ.

ಅಂದಿನಿಂದ ಆನೆ ಬಂದಾಗಲೆಲ್ಲ ಕನ್ನಡದ ಹಿಂದೆಯೇ ಅವಳ ದನಿ: "ಹಾತಿ ಆಹಿಸೆ!" ಆನೆ ಬಂದಿದೆ ಅಂತ. ನಮ್ಮ ಮಕ್ಕಳೂ ಕಲಿತುಬಿಟ್ಟವು. ನಮ್ಮ ಯುಗಾದಿಗೆ ಅವಳು, ಅವರ ಬಿಹು ಹಬ್ಬಕ್ಕೆ ನಾವು... ಎಂಥ ದಿನಗಳು!

ಮಂಡಿನೋವೆಂದು ಊರಿಗೆ ಹೋದವಳು ಮರಳಲಿಲ್ಲ. ತೀರಿಕೊಂಡಳೆಂದು ಹೋದ ವರ್ಷ ಲೈನಿಗೆ ಫೋನ್ ಬಂತು. ಇನ್ನೊಂದು ಸಲ ನೋಡಬೇಕಿತ್ತು ಅಂತ ಸಂಕಟವಾಗುತ್ತದೆ.

ಈಗ ಅವಳ ಮಾತನ್ನು ಮೈಕಿನಲ್ಲಿ ಕೂಗುವವಳು ನಾನು. ನೀವೇ ಯಾರಾದರೂ ಕೂಗಿ ಎಂದರೆ, "ಅಕ್ಕ ನಿಮಗೇ ಹೇಳಿಕೊಟ್ಟು ಹೋಗಿದ್ದು" ಅನ್ನುತ್ತಾರೆ ಲೈನಿನವರು. ಹೊಸದಾಗಿ ಬಂದ ಹುಡುಗಿಯರಂತೂ ನನ್ನ ಉಚ್ಚಾರ ಕೇಳಿ ಬಿದ್ದು ಬಿದ್ದು ನಗುತ್ತಾರೆ. ನಗುತ್ತಲೇ ಒಳಗೆ ಓಡಿ ಬಾಗಿಲು ಹಾಕಿಕೊಳ್ಳುತ್ತಾರೆ.