ಡಬ್ಬಿಯ ತಳದ ಕುಂಕುಮ

ನಮ್ಮ ಕೆಮಿಸ್ಟ್ರಿ ಮೇಡಂ ಕೂದಲಿಗೆ ಎಣ್ಣೆ ಹಚ್ಚುತ್ತಿರಲಿಲ್ಲ. ಕೆಂಚಗೆ ಒಣಗಿದ ಕೂದಲು, ಎಷ್ಟು ಬಿಗಿದು ಕಟ್ಟಿದರೂ ಹತ್ತು ಗಂಟೆಯ ಹೊತ್ತಿಗೆ ಹಣೆಯ ಸುತ್ತ ಎದ್ದು ನಿಲ್ಲುತ್ತಿತ್ತು. ಶಿರಾದ ನಮ್ಮ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಅದರ ಬಗ್ಗೆ ಆಡದ ಮಾತಿಲ್ಲ. ನಾನೂ ಆಡಿದವಳೇ. ಕೆಮಿಸ್ಟ್ರಿ ಲ್ಯಾಬಿಗೆ ಸಹಾಯಕಿಯಾಗಿ ಸೇರಿದ ವಾರದಲ್ಲೇ ಬಾಯಿ ಸುಮ್ಮನಿರದೆ, "ಒಂದು ಹನಿ ಕೊಬ್ಬರಿ ಎಣ್ಣೆ ಇಕ್ಕಳಿ ಮೇಡಂ, ನೋಡಕ್ಕಾಗಲ್ಲ" ಎಂದುಬಿಟ್ಟಿದ್ದೆ.

"ಏಮಮ್ಮಾ, ತಲೇಲಿರೋ ಎಣ್ಣೆ ಬೆರಳಿಗೆ ಬರುತ್ತೆ, ಬೆರಳಿಂದ ಡಬ್ಬಿಗೆ ಹೋಗುತ್ತೆ. ಆಮೇಲೆ ತೂಕ ಯಾರ್ದು? ಔಷಧೀದಾ, ನನ್ನ ತಲೇದಾ?" ಎಂದಿದ್ದರು.

ಪಾವಗಡದ ಕಡೆಯವರು. ಸಿಟ್ಟಿಗೆ ತೆಲುಗು, ಖುಷಿಗೆ ತೆಲುಗು, ನಡುವೆ ಮಾತ್ರ ಕನ್ನಡ. ಊರಿನಲ್ಲಿ ಅವರ ಅಣ್ಣ, ಬಿತ್ತನೆ ಕಡ್ಲೆಕಾಯಿಗೆ ಹಚ್ಚುವ ಔಷಧಿ ಪುಡಿಯನ್ನು ಮಕ್ಕಳು ಮಲಗುವ ಕೋಣೆಯಲ್ಲೇ ಇಡುತ್ತಿದ್ದರಂತೆ. ವಾಸನೆಯೇ ಇಲ್ಲವಲ್ಲ, ಏನಾಗುತ್ತದೆ ಎಂಬುದು ಅಣ್ಣನ ವಾದ. "ವಾಸನೆ ಇಲ್ಲ ಅಂದ್ರೆ ಗಾಳೀಲಿ ಇಲ್ಲ ಅಂತ ಯಾರಮ್ಮಾ ಹೇಳಿದ್ದು?" ಎನ್ನುತ್ತಾ ಮೇಡಂ ಆ ಪುಡಿಯ ಆವಿಯ ಒತ್ತಡ ಅಳೆಯಲು ಕೂತಿದ್ದರು. ಅದೇ ಅವರ ಪಿಎಚ್‌ಡಿ. ನಿವೃತ್ತಿಯೊಳಗೆ ಮುಗಿಯಬೇಕಿತ್ತು.

ಅಳೆಯುವುದೆಂದರೆ ಹೀಗೆ. ಹೆಬ್ಬೆರಳ ಉಗುರಿನಷ್ಟು ಸ್ಟೀಲ್ ಡಬ್ಬಿ, ಅದರ ಮುಚ್ಚಳದಲ್ಲಿ ಕಣ್ಣಿಗೆ ಕಂಡೂ ಕಾಣದಂಥ ತೂತು. ಒಳಗೆ ಪುಡಿ ತುಂಬಿ, ಗಾಳಿ ತೆಗೆದ ಗಾಜಿನ ಪಾತ್ರೆಯಲ್ಲಿಟ್ಟು ಹದವಾಗಿ ಬಿಸಿ ಮಾಡಬೇಕು. ವಾರಕ್ಕೊಮ್ಮೆ ತೆಗೆದು ತೂಗಬೇಕು. ಎಷ್ಟು ತೂಕ ಇಳಿಯಿತೋ ಅಷ್ಟು ಆವಿ ತೂತಿನಿಂದ ಹೊರಗೆ ಹೋಯಿತು ಎಂದು ಲೆಕ್ಕ. ಇಳಿಯುವುದಾದರೂ ಎಷ್ಟು? ಒಂದು ಸಾಸಿವೆಯ ಸಿಪ್ಪೆಯಷ್ಟೂ ಅಲ್ಲ. ತೂಗುವಾಗ ಮೇಡಂ ಬಳೆ ತೆಗೆದಿಟ್ಟು, ಫ್ಯಾನ್ ಆರಿಸಿ, ಚಿಮಟದಲ್ಲಿ ಡಬ್ಬಿ ಹಿಡಿದು ಉಸಿರು ಕಟ್ಟುತ್ತಿದ್ದರು. ನಾನೂ ಕಟ್ಟುತ್ತಿದ್ದೆ.

ಆ ವರ್ಷ ಆಯುಧಪೂಜೆಗೆ ಲ್ಯಾಬ್ ತೊಳೆದು ಪೂಜೆ ಮಾಡಿದವಳು ನಾನು. ತಕ್ಕಡಿಗೆ, ಪಂಪಿಗೆ, ಒಲೆಗೆ ಕುಂಕುಮ ಇಟ್ಟೆ. ಗಾಜಿನ ತಟ್ಟೆಯ ಮೇಲೆ ಖಾಲಿ ಡಬ್ಬಿ ಒಂದೇ ಉಳಿದಿತ್ತು. ಇಷ್ಟು ದುಡಿಯುವ ವಸ್ತುವನ್ನು ಬಿಟ್ಟರೆ ಹೇಗೆ ಅನ್ನಿಸಿತು. ಕಾಣದ ಹಾಗೆ ತಳಕ್ಕೆ ಒಂದು ಚುಕ್ಕೆ ಇಟ್ಟೆ. ಉದುರದಿರಲೆಂದು ಕುಂಕುಮವನ್ನು ಕೊಬ್ಬರಿ ಎಣ್ಣೆಯಲ್ಲಿ ಕಲಸಿದ್ದೆ.

ರಜೆ ಮುಗಿದ ಮೇಲೆ ಮೇಡಂ ಅದೇ ಡಬ್ಬಿಗೆ ಪುಡಿ ತುಂಬಿ ಹೊಸ ಸುತ್ತು ಶುರು ಮಾಡಿದರು. ಮೊದಲ ವಾರದ ತೂಕ ನೋಡಿ ಕುರ್ಚಿಯಿಂದ ಎದ್ದೇಬಿಟ್ಟರು. ಅವರು ಎಣಿಸಿದ್ದಕ್ಕಿಂತ ಎಷ್ಟೋ ಪಟ್ಟು ಇಳಿದಿತ್ತು. ಮುಂದಿನ ವಾರವೂ ಹಾಗೇ. ಅಣ್ಣನಿಗೆ ಫೋನ್ ಮಾಡಿ ತೆಲುಗಿನಲ್ಲಿ ಕೂಗಾಡಿ, ಔಷಧಿಯ ಚೀಲವನ್ನು ಕೋಣೆಯಿಂದ ಆಚೆ ಹಾಕಿಸಿದರು. ಬೆಂಗಳೂರಿನ ಗೈಡ್ ಅಂಕಿ ನೋಡಿ ಬೇಗ ಬರೆದು ಕೊಡಿ ಎಂದರಂತೆ.

ಕೊನೆಯ ತೂಕ ಮುಗಿದ ಮೇಲೆ ಡಬ್ಬಿ ತೊಳೆಯಲು ನನ್ನ ಕೈಗೆ ಬಂತು. ಮಗುಚಿದೆ. ತಳದಲ್ಲಿ ಕಪ್ಪಗಾದ ಕಲೆ, ಅರ್ಧ ಉದುರಿಹೋಗಿತ್ತು. ಇಳಿದ ತೂಕ ಔಷಧಿಯದ್ದಲ್ಲ, ನನ್ನ ಭಕ್ತಿಯದ್ದು! ನಲ್ಲಿ ತಿರುಗಿಸಿ ತೊಳೆದುಬಿಟ್ಟಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ನಲ್ಲಿಯ ಮೇಲೆ ಕೈ ಇಟ್ಟಿದ್ದೂ ನಿಜ. ಆದರೆ ಎಣ್ಣೆ ಕಾಣದ ಆ ತಲೆ ಕಣ್ಣೆದುರು ಬಂತು.

"ಮೇಡಂ, ತಪ್ಪಾಗ್ಬುಡ್ತು. ಪೂಜೆ ದಿನ ಕುಂಕುಮ ಇಕ್ಬುಟ್ಟಿದ್ದೆ. ಎಣ್ಣೇಲಿ ಕಲ್ಸಿ."

ಬೈಯುತ್ತಾರೆ ಎಂದು ಕಾದೆ. ಅವರು ಡಬ್ಬಿ ಮಗುಚಿ ನೋಡುತ್ತಾ ನಿಂತರು. ಆಮೇಲೆ ತೂಕ ಬರೆದಿಡುವ ಪುಸ್ತಕ ತೆರೆದು ಆ ಸುತ್ತಿನ ಅಂಕಿಗಳ ಮೇಲೆಲ್ಲ ಕೆಂಪು ಗೆರೆ ಎಳೆದರು. "ತೊಳಿಯಮ್ಮಾ. ಮೊದಲಿಂದ ಮಾಡೋಣ" ಎಂದರು. ಅಷ್ಟೇ.

ಮೊದಲಿನಿಂದ ಮಾಡಿದೆವು. ಸರಿಯಾದ ಅಂಕಿ ತೀರ ಚಿಕ್ಕದಿತ್ತು, ಆದರೆ ಸೊನ್ನೆಯಲ್ಲ. ಅಣ್ಣನಿಗೆ ಮತ್ತೆ ಫೋನ್ ಮಾಡಿ, ನಾನು ಹೇಳಿದ್ದು ಜಾಸ್ತಿಯಾಗಿತ್ತು, ಆದರೂ ಚೀಲ ಆಚೆಯೇ ಇರಲಿ ಎಂದರು. ಅಷ್ಟರಲ್ಲಿ ಗೈಡ್ ಬೇಸತ್ತಿದ್ದರು. ಪಿಎಚ್‌ಡಿಯ ವಾಯಿದೆ ಮುಗಿಯಿತು, ನಿವೃತ್ತಿಯೂ ಆಯಿತು. ಮೇಡಂ ಹೆಸರಿನ ಮುಂದೆ ಡಾಕ್ಟರ್ ಬರಲಿಲ್ಲ. ಎಲ್ಲ ನನ್ನಿಂದಲೇ ಎಂದು ಮೇಡಂ ಗೈಡಿಗೆ ಹೇಳಿರುತ್ತಾರೆಂದು ನಂಬಿದ್ದೆ. ಗೈಡ್ ಕಾಲೇಜಿಗೆ ಬಂದಾಗ ಸ್ಟೋರ್ ರೂಮಿನಲ್ಲಿ ಅಡಗಿ ಕೂತಿದ್ದೆ.

ಕಳೆದ ಶ್ರಾವಣದಲ್ಲಿ ಮೇಡಂ ಹೋದರು. ಬೆಳಿಗ್ಗೆ ಕಾಫಿ ಲೋಟ ಹಿಡಿದಿದ್ದಾಗಲೇ ಎದೆ ಹಿಡಿದುಕೊಂಡಿತಂತೆ. ಪಾವಗಡಕ್ಕೆ ಹೋದೆ. ಮಲಗಿಸಿದ್ದರು. ಯಾರೋ ಪುಣ್ಯಾತ್ಮರು ತಲೆಗೆ ಎಣ್ಣೆ ಹಚ್ಚಿ ನುಣ್ಣಗೆ ಬಾಚಿದ್ದರು. ಅದು ಮೇಡಂ ಎಂದು ಒಪ್ಪಿಕೊಳ್ಳಲು ನನಗೆ ಆಗಲಿಲ್ಲ.

ಹಿಂತಿರುಗಿ ಬಂದು ಲ್ಯಾಬಿನ ಬೀರುವಿನಿಂದ ಮೇಡಂ ಬಿಟ್ಟುಹೋಗಿದ್ದ ಆ ತೂಕದ ಪುಸ್ತಕ ತೆಗೆದೆ. ಇಷ್ಟು ವರ್ಷ ಮುಟ್ಟಲು ಧೈರ್ಯವಿರಲಿಲ್ಲ. ಕೆಂಪು ಗೆರೆಗಳ ಕೆಳಗೆ ಅವರ ಅಕ್ಷರ. "ತುಂಬುವ ಮೊದಲು ಡಬ್ಬಿಯ ತಳ ನೋಡಲಿಲ್ಲ. ತಪ್ಪು ನನ್ನದು. ಗೈಡಿಗೆ ಹೀಗೇ ಬರೆದಿದ್ದೇನೆ." ನನ್ನ ಹೆಸರಿರಲಿಲ್ಲ. ಪೂಜೆಯ ಮಾತೂ ಇರಲಿಲ್ಲ. ಪುಸ್ತಕ ಹಿಡಿದು ಲ್ಯಾಬಿನ ನೆಲದ ಮೇಲೆ ಕೂತುಬಿಟ್ಟೆ.

ತೂಕದ ಕೆಲಸವಿರುವ ದಿನಗಳಲ್ಲಿ ಈಗ ನಾನೂ ತಲೆಗೆ ಎಣ್ಣೆ ಹಚ್ಚುವುದಿಲ್ಲ. ಸ್ಟಾಫ್ ರೂಮಿನಲ್ಲಿ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ.