ಹೋಗಲು ನಲವತ್ತು, ಬರಲು ಐವತ್ತೈದು

ಅಜ್ಜಿ ಹೇಳುವ ಕಥೆಗಳಲ್ಲಿ ರಾಜಕುಮಾರ ಏಳು ಸಮುದ್ರ ದಾಟುತ್ತಾನೆ. ಎಷ್ಟು ಹೊತ್ತು ಹಿಡಿಯಿತೆಂದು ಯಾರೂ ಕೇಳುವುದಿಲ್ಲ. ಬೆಟ್ಟಸಾಲಿನ ಈಚೆಗಿರುವ ನಮ್ಮ ಪುಟ್ಟ ವಿಮಾನ ನಿಲ್ದಾಣದಲ್ಲಿ ಮಾತ್ರ ಎಲ್ಲರೂ ಮೊದಲು ಕೇಳುವುದು ಅದನ್ನೇ. ಮೂವತ್ತೊಂದು ವರ್ಷ ಆ ಪ್ರಶ್ನೆಗೆ ಬೇಸರವಿಲ್ಲದೆ ಉತ್ತರಿಸಿ ಈಗ ನಿವೃತ್ತರಾಗುತ್ತಿರುವ ಹಿರಿಯ ಗುಮಾಸ್ತೆಯನ್ನು ಊರು ಕರೆಯುವುದು ‘ನಿಮಿಷದಮ್ಮ’ ಎಂದು. ಸಣ್ಣ ನಿಲ್ದಾಣಗಳ ವೇಳೆಯ ವಿಚಾರದಲ್ಲಿ ಅವರಿಗೆ ಅವರೇ ಸಾಟಿ.

ಫೋನ್ ಎತ್ತುವ ಕೆಲಸಕ್ಕೆ ಸೇರಿದವರು ಎರಡೇ ವರ್ಷದಲ್ಲಿ ಕೌಂಟರಿಗೆ ಬಂದರು. ಬೆಟ್ಟದಾಚೆಯ ನಿಲ್ದಾಣಕ್ಕೆ ವಿಮಾನದಲ್ಲಿ ನೂರ ಎಂಬತ್ತು ಕಿಲೋಮೀಟರ್. ಬೆಟ್ಟ ಸುತ್ತುವ ಬಸ್ಸಿಗೆ ಹನ್ನೊಂದು ಗಂಟೆ. ಮೊದಲ ಸಲ ವಿಮಾನ ಹತ್ತುವವರ ಅಳುಕನ್ನು ಬಲ್ಲ ನಿಮಿಷದಮ್ಮ ಅವರವರ ಕೆಲಸದ ಅಳತೆಯಲ್ಲೇ ಹೊತ್ತು ಹೇಳುತ್ತಿದ್ದರು. ಹೆಣಿಗೆಯ ಚೀಲ ಹಿಡಿದವರಿಗೆ, “ಸ್ವೆಟರಿನ ತೋಳು ಅರ್ಧ ಆಗೋದ್ರೊಳಗೆ ಮಗಳ ಊರಲ್ಲಿರ್ತೀರಜ್ಜಿ.” ಕ್ಷೌರಿಕನಿಗೆ, “ಎರಡು ತಲೆ, ಒಂದು ಗಡ್ಡ, ಅಷ್ಟೇ ಕಣಪ್ಪ!”

ಅವರ ಸೇವೆಯ ಒಂಬತ್ತನೆಯ ವರ್ಷ ಕಂಟಕವೊಂದು ಎದುರಾಯಿತು. ಹೋಗುವ ಹೊತ್ತನ್ನೇ ಬರುವುದಕ್ಕೂ ಹಿಡಿದ ಕೇಂದ್ರ ಕಚೇರಿ, ಹೋಗಲೂ ಬರಲೂ ನಲವತ್ತು ನಿಮಿಷವೆಂದು ವೇಳಾಪಟ್ಟಿ ಅಚ್ಚು ಹಾಕಿತ್ತು. ಹೋಗುವಾಗ ಬೆನ್ನು ತಟ್ಟುವ ಗಾಳಿ ಬರುವಾಗ ಎದೆಗೆ ಒದೆಯುತ್ತದೆಂಬುದು ಆ ಲೆಕ್ಕದಲ್ಲಿರಲಿಲ್ಲ. ದಿನವೂ ‘ವಿಳಂಬ’ವೆಂದು ದಾಖಲಾಗಿ, ಕೊನೆಗೆ ಅಧಿಕಾರಿಯೊಬ್ಬರು ವಿಮಾನವನ್ನೇ ನಿಲ್ಲಿಸುವ ಆದೇಶ ಹಿಡಿದು ಬಂದರು. ಆಚೆಯ ಊರಿನ ಬಸುರಿಯರಿಗೆ ಹೆರಿಗೆ ಆಸ್ಪತ್ರೆಯಿರುವುದು ಈಚೆಗೇ.

“ಹೋಗೋ ದೂರ, ಬರೋ ದೂರ ಒಂದೇ ಅಲ್ವೇನ್ರೀ?” ಎಂದರು ಸಾಹೇಬರು.

“ದೂರ ಒಂದೇ ಸಾರ್. ಬಾವಿಗೆ ಕೊಡ ಬಿಡೋ ದೂರಾನೂ ಎಳೆಯೋ ದೂರಾನೂ ಒಂದೇ. ಹೊತ್ತು ಒಂದೇನಾ? ಒಂದ್ಸಲ ಹೋಗಿ ಬನ್ನಿ. ಗಡಿಯಾರ ನೀವೇ ನೋಡ್ಕೊಳ್ಳಿ.”

ಸಾಹೇಬರು ಹೋದರು, ಮೂವತ್ತೊಂಬತ್ತು ನಿಮಿಷ. ಬರುವಾಗ ನಲವತ್ತು ಕಳೆದರೂ ಕಿಟಕಿಯಲ್ಲಿ ಬೆಟ್ಟವೇ. “ಏನ್ರೀ, ಬೇಕೂಂತ್ಲೇ ನಿಧಾನ ಮಾಡ್ತಿದ್ದೀರಾ?” ಎಂದು ರೇಗಿದ್ದಕ್ಕೆ ಪೈಲಟ್, “ಬೇಕಿದ್ರೆ ಇಳಿದು ತಳ್ಳಿ ಸಾರ್” ಎಂದರಂತೆ.

ನೆಲ ಮುಟ್ಟಿದಾಗ ಐವತ್ತಾರು. ಬೇಲಿಯ ಬಳಿ ಕಾದು ನಿಂತಿದ್ದ ನಿಮಿಷದಮ್ಮನವರನ್ನು ಸಾಹೇಬರು ಕೇಳಿದರು: “ಇದನ್ನ ಮೊದಲೇ ಯಾಕೆ ಬರೀಲಿಲ್ಲ?”

“ಹದಿನಾಲ್ಕು ಕಾಗದ ಬರ್ದಿದ್ದೀನಿ ಸಾರ್. ಅವಕ್ಕೂ ಎದುರುಗಾಳಿ ಸಿಕ್ಕಿರ್ಬೇಕು.”

ಸಾಹೇಬರು ನಕ್ಕುಬಿಟ್ಟರು. ಆದೇಶ ಬಂದ ಚೀಲದಲ್ಲೇ ಹಿಂದಕ್ಕೆ ಹೋಯಿತು. ಮರುತಿಂಗಳು ಹೊಸ ವೇಳಾಪಟ್ಟಿ ಅಚ್ಚಾಯಿತು. ವಿಮಾನದ ವೇಗ ಕೂದಲೆಳೆಯಷ್ಟೂ ಹೆಚ್ಚದೆ ವಿಳಂಬವೆಲ್ಲ ಮಾಯವಾಯಿತು.

ಆಮೇಲಿನ ಇಪ್ಪತ್ತೆರಡು ವರ್ಷಗಳಲ್ಲಿ ಬೆಟ್ಟದಾಚೆಯ ಎಷ್ಟೋ ಕೂಸುಗಳು ಈಚೆಯ ಆಸ್ಪತ್ರೆಯಲ್ಲಿ ಸುಖವಾಗಿ ಕಣ್ಣು ಬಿಟ್ಟಿವೆ. ಅವುಗಳಲ್ಲೊಂದು ಬೆಳೆದು ದೊಡ್ಡವಳಾಗಿ, ಇದೀಗ ಅದೇ ಕೌಂಟರಿನಲ್ಲಿ ಕೆಲಸ ಕಲಿಯುತ್ತಿದ್ದಾಳೆ. ವಾರಕ್ಕೆರಡು ದಿನ ಬಂದು ಹೇಳಿಕೊಡುವುದಾಗಿ ನಿಮಿಷದಮ್ಮ ಒಪ್ಪಿದ್ದಾರೆ. ಅವರಿಗೆ ತುಂಬು ಆಯುಸ್ಸು, ಆರೋಗ್ಯ ಒದಗಲಿ. ಆ ಹುಡುಗಿ ತಪ್ಪಿದಾಗಲೆಲ್ಲ ಕಿವಿ ಹಿಂಡುವಷ್ಟು ಬಲ ಆ ಬೆರಳುಗಳಲ್ಲಿ ಬಹುಕಾಲ ಉಳಿಯಲಿ.