ಬ್ರದರ್ ಅಂಬ್ರೋಜರ ಬೆಚ್ಚಗಿನ ಕೋಣೆ

1961ರಲ್ಲಿ ನಾನು ಮಂಗಳೂರಿನ ಹಂಪನಕಟ್ಟೆಯಲ್ಲಿ ಒಂದು ಬಾಡಿಗೆ ಕಾರಿನ ಕಚೇರಿಯ ಬುಕ್ಕಿಂಗ್ ಕ್ಲಾರ್ಕ್ ಆಗಿದ್ದೆ. ಮೂವತ್ತು ತುಂಬದವನು ವೃತ್ತಿಯ ಅನುಭವ ಬರೆಯಲು ಕೂತಿದ್ದಾನೆ ಎಂದು ಗೊತ್ತಾದರೆ ನಮ್ಮ ಧಣಿಗಳು ಮೂಗಿನಲ್ಲೇ ಒಂದು 'ಹ್ಞೂಂ' ಎಳೆಯುತ್ತಾರೆ. ಆ ಹ್ಞೂಂಕಾರವನ್ನು ಅವರಿಗಿಂತ ನಾನೇ ಚೆನ್ನಾಗಿ ಎಳೆಯಬಲ್ಲೆ. ಧಣಿಗಳ ಕೆಮ್ಮು, ಡ್ರೈವರುಗಳ ಜಗಳ, ಕುದ್ರೋಳಿಯ ನಮ್ಮ ಮನೆಯ ಅಜ್ಜಿಯ ಗೊಣಗಾಟ, ಎಲ್ಲವೂ ನನ್ನ ಗಂಟಲಿನಲ್ಲಿದ್ದವು. ನನ್ನ ಸ್ವಂತ ದನಿ ಮಾತ್ರ ಒದ್ದೆ ಬೆಂಕಿಕಡ್ಡಿಯ ಹಾಗೆ. ಅದನ್ನು ಆದಷ್ಟು ಹೊರಗೆ ತೆಗೆಯುತ್ತಿರಲಿಲ್ಲ.

ದೂರದ ಪ್ರಯಾಣಗಳಿಗೆ ದಾರಿ, ಪೆಟ್ರೋಲು, ಉಳಿಯುವ ಜಾಗ ಗೊತ್ತುಮಾಡುವುದು ನನ್ನ ಕೆಲಸ. ಅದಕ್ಕೆ ಇದ್ದದ್ದು ಟ್ರಂಕ್ ಕಾಲ್ ಒಂದೇ. ಬೇರೆ ಊರಿಗೆ ಮಾತಾಡಬೇಕಾದರೆ ಎಕ್ಸ್‌ಚೇಂಜಿನಲ್ಲಿ ಮೊದಲೇ ಹೇಳಿಟ್ಟು ಕಾಯಬೇಕು. ಲೈನ್ ಸಿಕ್ಕಿದಾಗ ಆಪರೇಟರ್ ಎರಡೂ ಕಡೆಯವರನ್ನು ಜೋಡಿಸುತ್ತಾರೆ. ನಮ್ಮ ಕಾಲ್‌ಗಳನ್ನು ಹೆಚ್ಚಾಗಿ ನೋಡಿಕೊಳ್ಳುತ್ತಿದ್ದವರು ಸರಸಕ್ಕ. ಒಮ್ಮೆ ಧಣಿಗಳ ದನಿಯಲ್ಲಿ, ಒಮ್ಮೆ ಯಾವುದೋ ದೊಡ್ಡ ಸಾಹೇಬರ ದನಿಯಲ್ಲಿ ಅವರನ್ನು ಗಾಬರಿಪಡಿಸುವುದು ನನ್ನ ದಿನನಿತ್ಯದ ಚಟವಾಗಿತ್ತು.

ಆ ಏಪ್ರಿಲ್‌ನಲ್ಲಿ ಕೊಡಿಯಾಲ್‌ಬೈಲ್‌ನ ರಾಬರ್ಟ್ ಮಾಸ್ತರರ ಪ್ರಯಾಣ ನನ್ನ ಮೇಜಿಗೆ ಬಂತು. ಅವರು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ನ್ಯುಮೋನಿಯಾದಿಂದ ಎದ್ದು ಇನ್ನೂ ಚೇತರಿಸಿಕೊಳ್ಳುತ್ತಿದ್ದರು. ಗಾಳಿ ಬದಲಾಗಬೇಕು ಎಂದು ಡಾಕ್ಟರು ಹೇಳಿದ್ದರಂತೆ. ಮಾಸ್ತರರ ತಮ್ಮ ಅಂಬ್ರೋಜ್ ಚಿಕ್ಕಂದಿನಲ್ಲೇ ಮಠ ಸೇರಿ ಬ್ರದರ್ ಆದವರು. ನೀಲಗಿರಿಯ ಆಚೆಯ ಒಂದು ಎತ್ತರದ ಬೆಟ್ಟದಲ್ಲಿ, ಚರ್ಚುಗಳ ಪೂಜೆಗೆ ಬೇಕಾದ ದ್ರಾಕ್ಷಾರಸ ಮಾಡುವ ಮನೆಯನ್ನು ಒಬ್ಬರೇ ನೋಡಿಕೊಳ್ಳುತ್ತಿದ್ದರು. ಮದರಾಸು ರಾಜ್ಯದಲ್ಲಿ ಪಾನನಿರೋಧ ಇದ್ದರೂ ಪೂಜೆಯ ವೈನಿಗೆ ಪರವಾನಗಿ ಇತ್ತು. ಅಣ್ಣತಮ್ಮಂದಿರು ಮುಖ ನೋಡದೆ ಎಷ್ಟೋ ವರ್ಷಗಳಾಗಿದ್ದವು. ಮಾಸ್ತರರು, ನರ್ಸ್ ಆಗಿದ್ದ ಮಗಳು ಹಿಲ್ಡಾ ಮತ್ತು ನಮ್ಮ ಡ್ರೈವರ್ ಹೋಗಿ ಅಲ್ಲಿ ಕೆಲವು ದಿನ ಇರುವುದೆಂದು ಗೊತ್ತಾಯಿತು.

ದಾರಿಯ ವಿವರ ಹೇಳಲು ನಾನು ಅವರ ಮನೆಗೆ ಹೋದ ದಿನ ಅಂಗಳದಲ್ಲಿ ಬಾವಿ ಕೆಸರು ತೆಗೆಯಲು ಜನ ಬಂದಿದ್ದರು. ನಮ್ಮ ಕಡೆ ಆಳದ ಬಾವಿಗೆ ಯಾರೂ ಸುಮ್ಮನೆ ಇಳಿಯುವುದಿಲ್ಲ. ಮೊದಲು ಲಾಂದ್ರ ಹೊತ್ತಿಸಿ ಹಗ್ಗದಲ್ಲಿ ಬಿಡುತ್ತಾರೆ. ಅಂದು ಲಾಂದ್ರ ಅರ್ಧ ದಾರಿ ಹೋಗುತ್ತಲೇ ಆರಿತು. ಆಳುಗಳು ಹಗ್ಗ ಸುತ್ತಿಕೊಂಡು, ನಾಳೆ ನೋಡುವ ಎಂದು ನೆರಳಿಗೆ ಹೋಗಿ ಕೂತರು. ಮಾಸ್ತರರಿಗೆ ಪಾಠ ಮಾಡಲು ಅಷ್ಟು ಸಾಕಾಯಿತು.

"ಅದು ಭಾರದ ಗಾಳಿ. ಕೆಳಗೇ ಕೂತುಬಿಡ್ತದೆ. ದೀಪಕ್ಕೆ ಸಾಲದ್ದು ಮನುಷ್ಯನಿಗೂ ಸಾಲುದಿಲ್ಲ. ತಿಳೀತಾ?"

"ತಿಳೀತು ಸರ್. ಹಾಗಾದ್ರೆ ಬೆಟ್ಟವೇ ಒಳ್ಳೇದು."

"ಬೆಟ್ಟದಲ್ಲಿ ಗಾಳಿಗೆ ಎಂತ ಬರಗಾಲ ಮಾರಾಯ," ಎಂದು ಅವರು ನಕ್ಕರು.

ಬೆಟ್ಟಕ್ಕೆ ನಾನು ಮಾಡಿದ ಮೊದಲ ಕಾಲ್ ತುಂಬಾ ಹೊತ್ತು ಯಾರೂ ಎತ್ತಲಿಲ್ಲ. ಕೊನೆಗೆ ಒಂದು ಗಟ್ಟಿ ದನಿ ಬಂತು, ಬ್ರದರ್ ಅಂಬ್ರೋಜರದೇ. ಅವರು ಮೇಲಿನ ತೋಟದಲ್ಲಿದ್ದರಂತೆ. ದ್ರಾಕ್ಷಿ ಬರುವ ಕಾಲದಲ್ಲಿ ದಿನವಿಡೀ ನೆಲಮಾಳಿಗೆಯ ಪೀಪಾಯಿಗಳ ಹತ್ತಿರವೇ ಇರುತ್ತಾರೆಂದು ಹೊಸ ಫೋನನ್ನು ಅಲ್ಲೇ ಕೆಳಗೆ ಹಾಕಿಸಿದ್ದರಂತೆ.

"ಗಂಟೆ ಕೇಳಿದ್ರೆ ನಾನು ಇಳಿದು ಬರ್ತೇನೆ, ನೀನು ಫೋನ್ ಇಡಬೇಡ. ಅಣ್ಣನಿಗೆ ಹೇಳು, ಶಾಲೆಯಲ್ಲಿ ಒಂದು ಕಿವಿ ಹಿಂಡಿದ್ದಾನೆ, ಇನ್ನೊಂದು ಹಾಗೇ ಉಂಟು ಅಂತ."

ಎರಡನೆಯ ಕಾಲ್ ಮಲಗುವ ವ್ಯವಸ್ಥೆಯ ಬಗ್ಗೆ. ಮಾಸ್ತರರ ಎದೆಗೆ ಚಳಿ ಆಗುವುದಿಲ್ಲ ಎಂದೆ. ಅದಕ್ಕೇನೂ ಚಿಂತೆಯಿಲ್ಲ ಎಂದರು ಬ್ರದರ್. ಹುದುಗುವ ರಸದಿಂದ ನೆಲಮಾಳಿಗೆ ಬೆಚ್ಚಗಿರುತ್ತದೆ, ಚಳಿ ಹೆಚ್ಚಾದ್ದರಿಂದ ಕಿಟಕಿಗಳನ್ನೂ ಗೋಣಿ ತುರುಕಿ ಮುಚ್ಚಿದ್ದೇನೆ, ಮೂರು ಹಾಸಿಗೆ ಅಲ್ಲೇ ನೆಲದ ಮೇಲೆ ಹಾಸುತ್ತೇನೆ ಎಂದರು. ಬೆಕ್ಕು ಕೂಡ ಮೇಲಿನ ಮನೆ ಬಿಟ್ಟು ಅಲ್ಲೇ ಮಲಗುತ್ತದಂತೆ. ದನಿ ಸ್ವಲ್ಪ ನಿಧಾನವಾಗಿತ್ತು. ವಯಸ್ಸಾದವರು, ಕೆಲಸ ಹೆಚ್ಚು ಎಂದುಕೊಂಡೆ.

ಮೂರನೆಯ ಕಾಲ್‌ನಲ್ಲಿ ಅವರು ಎರಡು ಸಲ ಆಕಳಿಸಿದರು. ಮಾತಿನ ನಡುವೆ ಎಲ್ಲೆಲ್ಲೋ ನಿಂತರು. ತಲೆನೋವು ಎಂದರು. ಕೊನೆಗೆ, "ಟಾರ್ಚ್ ತನ್ನಿ. ಲಾಂದ್ರ ಬೇಡ. ಇಲ್ಲಿ ಕೆಳಗಿಟ್ಟರೆ ದೀಪ ನಿಲ್ಲುದಿಲ್ಲ," ಎಂದರು. ನಾನು ತರಬೇಕಾದ ಸಾಮಾನುಗಳ ಸಾಲಿಗೆ ಟಾರ್ಚ್ ಸೇರಿಸಿ, ಅದಕ್ಕೆ ಹೊಸ ಬ್ಯಾಟರಿ ಎಂದೂ ಸೇರಿಸಿದೆ. ಎಷ್ಟು ಚುರುಕಿನ ಕ್ಲಾರ್ಕ್ ನೋಡಿ.

ಹೊರಡುವ ಹಿಂದಿನ ದಿನ ಮಧ್ಯಾಹ್ನಕ್ಕೆ ನಾಲ್ಕನೆಯ ಕಾಲ್ ಬುಕ್ ಮಾಡಿದ್ದೆ. ತಮ್ಮನ ದನಿ ತಾವೇ ಕೇಳಬೇಕೆಂದು ಮಾಸ್ತರರು ಮಗಳೊಡನೆ ಕಚೇರಿಗೆ ಬಂದರು. ಲೈನ್ ಸಿಗಲಿಲ್ಲ. ಧಣಿಗಳು ಊಟಕ್ಕೆ ಹೋಗಿದ್ದರು. ಹೊತ್ತು ಕಳೆಯಬೇಕಲ್ಲ, ನಾನು ಬ್ರದರ್ ಅಂಬ್ರೋಜ್ ಆದೆ. ಕಿವಿ ಹಿಂಡಿದ ಮಾತು ಮೊದಲು. ಮಾಸ್ತರರು ನಗುತ್ತಾ ಕಣ್ಣೊರೆಸಿಕೊಂಡರು.

"ಅದೇ ದನಿ. ಅವನೇ ಬಂದು ಕೂತ ಹಾಗೆ ಉಂಟು."

ಉತ್ಸಾಹ ಬಂದು ಎರಡನೆಯ ಕಾಲ್‌ನ ದನಿ ಮಾಡಿದೆ, ಬೆನ್ನಿಗೇ ಮೂರನೆಯದರದು. ಹಿಲ್ಡಾ ನಗುತ್ತಿರಲಿಲ್ಲ.

"ನಿಲ್ಸು ಜಯ. ನೀನು ಯಾಕೆ ಏದುಸಿರು ಬಿಡ್ತಿ?"

"ನಾನಲ್ಲ ಸಿಸ್ಟರ್, ಅವರು. ಅವರು ನಿಲ್ಲಿಸಿದ ಕಡೆ ನಿಲ್ಲಿಸಿದ್ರೆ ನನಗೂ ಉಸಿರು ಸಾಕಾಗುದಿಲ್ಲ."

"ಮೊದಲ ದಿನ ಹೀಗಿತ್ತಾ?"

"ಇಲ್ಲ. ಮೊದಲ ದಿನ ಕೋಳಿ ಕೂಗಿದ ಹಾಗೆ ಮಾತಾಡಿದ್ರು."

"ಮತ್ತೆ ಎಂತ ಹೇಳಿದ್ರು? ಒಂದೂ ಬಿಡಬೇಡ. ಅವರ ದನಿ ಬೇಡ, ಮಾತು ಮಾತ್ರ ಹೇಳು."

ನಾನು ಹೇಳುತ್ತಾ ಹೋದೆ. ತಲೆನೋವು. ಆಕಳಿಕೆ. ಗೋಣಿ ತುರುಕಿದ ಕಿಟಕಿ. ಲಾಂದ್ರ ಕೆಳಗಿಟ್ಟರೆ ದೀಪ ನಿಲ್ಲುವುದಿಲ್ಲ, ಟಾರ್ಚ್ ತನ್ನಿ.

ಮಾಸ್ತರರ ನಗು ಮುಖದ ಮೇಲೇ ಒಣಗಿತು. ಅವರ ಅಂಗಳದ ಬಾವಿಗೆ ಇಳಿಯದೆ ಆಳುಗಳು ನೆರಳಿನಲ್ಲಿ ಕೂತಿದ್ದದ್ದು ನಮ್ಮಿಬ್ಬರಿಗೂ ಒಟ್ಟಿಗೇ ನೆನಪಾಗಿರಬೇಕು. ಮಂಗಳೂರಿನ ಪ್ರತಿ ಮನೆಗೂ ಗೊತ್ತಿರುವ ಸಂಗತಿ ಅದು. ಆದರೆ ಬಾವಿ ಎಂದರೆ ಕೆಳಗೆ, ಬೆಟ್ಟ ಎಂದರೆ ಮೇಲೆ. ಮೋಡಕ್ಕೆ ತಾಗುವ ಜಾಗದಲ್ಲೂ ಒಂದು ಬಾವಿ ಇರಬಹುದೆಂದು ನಮಗೆ ಯಾರಿಗೂ ಹೊಳೆಯಲಿಲ್ಲ. ಹುದುಗುವ ರಸದಿಂದ ಏಳುವುದೂ ಅದೇ ಭಾರದ ಗಾಳಿ. ಅದನ್ನು ಕಿಟಕಿ ಮುಚ್ಚಿ ಕೂಡಿಟ್ಟು, ಅದರ ತಳದಲ್ಲಿ ಹೋಗುವ ಮೂವರಿಗೂ ಹಾಸಿಗೆ ಹಾಸಲು ಹೊರಟಿದ್ದರು.

"ಈಗಲೇ ಫೋನ್ ಮಾಡಿ ಹೇಳುವ," ಎಂದು ಮಾಸ್ತರರು ಎದ್ದರು.

"ಬೇಡ ಡ್ಯಾಡಿ," ಎಂದಳು ಹಿಲ್ಡಾ. "ಫೋನ್ ಎಲ್ಲುಂಟು?"

ಫೋನ್ ನೆಲಮಾಳಿಗೆಯಲ್ಲಿತ್ತು. ಗಂಟೆ ಕೇಳಿದರೆ ಅವರು ಇಳಿದು ಬರುತ್ತಾರೆ. ಇಡಬೇಡ ಎಂದು ನನಗೇ ಹೇಳಿದ್ದಾರೆ.

ಆಗಲೇ ನನ್ನ ಮೇಜಿನ ಫೋನ್ ಬಡಿದುಕೊಂಡಿತು. ಸರಸಕ್ಕ.

"ನಿಮ್ಮ ಬೆಟ್ಟದ ಲೈನ್ ಸಿಕ್ಕಿತು. ರಿಂಗ್ ಹೋಗ್ತಾ ಉಂಟು, ಯಾರೂ ಎತ್ತುದಿಲ್ಲ."

"ಕಟ್ ಮಾಡಿ ಸರಸಕ್ಕ. ಅವರು ಫೋನ್ ಎತ್ತಬಾರದು."

"ಇಷ್ಟು ಹೊತ್ತು ಕಾದದ್ದು ಎತ್ತಬಾರದು ಅಂತಲಾ? ಇವತ್ತು ಯಾರದ್ದು ವೇಷ?"

ಅವರ ದನಿಯ ಹಿಂದೆ ಆ ಬೆಟ್ಟದ ಗಂಟೆ ದೂರದಲ್ಲಿ ಬಡಿಯುವುದು ನನಗೆ ಕೇಳುತ್ತಿತ್ತು. ಒಂದೊಂದು ಬಡಿತಕ್ಕೂ ಒಬ್ಬ ಮುದುಕರು ಒಂದೊಂದು ಮೆಟ್ಟಿಲು ಇಳಿಯುತ್ತಿರಬೇಕು. ಹಿಲ್ಡಾ ರಿಸೀವರ್ ಕಿತ್ತುಕೊಂಡು, ತಾನು ನರ್ಸ್, ದಯವಿಟ್ಟು ನಿಲ್ಲಿಸಿ ಎಂದಳು.

"ಹೆಂಗಸಿನ ದನಿ ಈ ಸಲ ಚೆನ್ನಾಗಿ ಬಂದಿದೆ," ಎಂದರು ಸರಸಕ್ಕ.

ನಾನು ರಿಸೀವರ್ ತೆಗೆದುಕೊಂಡೆ. ಯಾವ ದನಿ ಹಾಕಬೇಕೆಂದು ತಿಳಿಯಲಿಲ್ಲ. ನನ್ನ ಸಂಗ್ರಹದಲ್ಲಿದ್ದ ಒಂದನ್ನೂ ಅವರು ನಂಬುವವರಲ್ಲ. "ಅಕ್ಕ," ಎಂದೆ. ಒದ್ದೆ ಕಡ್ಡಿ ಗೀರಿದ ಹಾಗೆ ಬಂತು. "ಅಕ್ಕ, ಒಬ್ಬರು ಸಾಯ್ತಾರೆ."

ಆ ಕಡೆ ಗಂಟೆ ನಿಂತಿತು.

"ಇದು ಯಾರು?" ಎಂದರು ಸರಸಕ್ಕ, ಸಣ್ಣ ದನಿಯಲ್ಲಿ.

"ಜಯ."

ಅವರೇ ಆ ಬೆಟ್ಟದ ಅಂಚೆ ಕಚೇರಿಗೆ ಲೈನ್ ಹುಡುಕಿ ಕೊಟ್ಟರು. ನಾವು ವಿಷಯ ಹೇಳುತ್ತಲೇ ಅಲ್ಲಿಂದ ಪೋಸ್ಟ್‌ಮಾಸ್ಟರರು ಎರಡು ಜನರನ್ನು ಮೇಲಕ್ಕೆ ಓಡಿಸಿದರು. ನಾವು ಮೂವರೂ ಮೇಜಿನ ಸುತ್ತ ಕೂತೆವು. ಧಣಿಗಳು ಬಂದು ಏನೋ ಕೇಳಲು ಹೊರಟವರು ನಮ್ಮ ಮುಖ ನೋಡಿ ಒಳಗೆ ಹೋದರು. ಮಾಸ್ತರರು ಜಪಮಾಲೆ ಕೈಯಲ್ಲಿ ಹಿಡಿದಿದ್ದರು, ಮಣಿ ಮುಂದೆ ಹೋಗುತ್ತಿರಲಿಲ್ಲ.

ಸಂಜೆ ಕಾಲ್ ಬಂತು. ಪೋಸ್ಟ್‌ಮಾಸ್ಟರರು ಹೇಳಿದ್ದಿಷ್ಟು. ಬ್ರದರ್ ಅಂಬ್ರೋಜ್ ನೆಲಮಾಳಿಗೆಯ ಮೆಟ್ಟಿಲ ನಡುವೆ ಗೋಡೆಗೆ ಒರಗಿ ಕೂತಿದ್ದರು. ಗಂಟೆ ಕೇಳಿ ಇಳಿಯುತ್ತಿದ್ದರಂತೆ, ಅಷ್ಟರಲ್ಲಿ ಅದು ನಿಂತಿತಂತೆ. ಮತ್ತೆ ಬಾರಿಸಬಹುದು ಎಂದು ಅಲ್ಲೇ ಕೂತರಂತೆ. ಎದ್ದು ಮೇಲೆ ಹೋಗಲು ಕಾಲು ಬರಲಿಲ್ಲವಂತೆ. ಎತ್ತಿ ಹೊರಗೆ ತಂದ ಮೇಲೆ ಮಾತಾಡಿದರು.

"ಕೆಳಗೆ ಎಂತ ಉಂಟು?" ಎಂದು ಹಿಲ್ಡಾ ನನ್ನಿಂದ ಕೇಳಿಸಿದಳು.

ಮೂರು ಹಾಸಿಗೆ ಅಚ್ಚುಕಟ್ಟಾಗಿ ಹಾಸಿತ್ತು. ನಡುವಿನ ಹಾಸಿಗೆಯಲ್ಲಿ, ದಿಂಬಿನ ಹತ್ತಿರ, ಬೆಕ್ಕು ಸುರುಟಿಕೊಂಡು ಮಲಗಿತ್ತು. ಓಡಿಸಲು ಹೋದವನು ಮುಟ್ಟಿ ನೋಡಿದನಂತೆ. ಸೆಟೆದುಕೊಂಡಿತ್ತು. ದಿಂಬು ದೊಡ್ಡದಿದ್ದದ್ದು ಆ ಹಾಸಿಗೆಗೆ ಮಾತ್ರ. ಅದು ಅಣ್ಣನಿಗೆಂದು ಹಾಸಿದ್ದು.

ಮಳೆಗಾಲ ಕಳೆದ ಮೇಲೆ ಮಾಸ್ತರರು ಬೆಟ್ಟಕ್ಕೆ ಹೋಗಿಬಂದರು. ಮೇಲಿನ ಜಗಲಿಯಲ್ಲಿ, ಕಂಬಳಿ ಹೊದ್ದು, ಚಳಿಯಲ್ಲಿ ನಡುಗುತ್ತಾ ಮಲಗಿದರಂತೆ. ಫೋನ್ ಕೂಡ ಜಗಲಿಗೆ ಬಂದಿತ್ತು. ಇನ್ನೊಂದು ಕಿವಿ ಹಿಂಡಿದ್ದೇನೆ ಎಂದು ಅಲ್ಲಿಂದಲೇ ನನಗೆ ಕಾಲ್ ಮಾಡಿ ವರದಿ ಒಪ್ಪಿಸಿದರು.

ದೂರದ ಮನುಷ್ಯ ಹೇಳಿದ್ದನ್ನು ಬರೆದುಕೊಳ್ಳುವುದು ಕ್ಲಾರ್ಕಿನ ಕೆಲಸದಲ್ಲಿ ಅರ್ಧ ಮಾತ್ರ ಎಂದು ಆ ಪ್ರಯಾಣ ನನಗೆ ಕಲಿಸಿತು. ಈಗ ಯಾವ ಊರಿಗೆ ಲೈನ್ ಸಿಕ್ಕಿದರೂ ನನ್ನ ಮೊದಲ ಪ್ರಶ್ನೆ, ನೀವು ಎಲ್ಲಿ ನಿಂತು ಮಾತಾಡ್ತಾ ಇದ್ದೀರಿ ಎಂದು. ಡ್ರೈವರುಗಳು ಅದನ್ನೇ ಹಿಡಿದು ನನ್ನನ್ನು ಅಣಕಿಸುತ್ತಾರೆ. ಚೆನ್ನಾಗಿಯೇ ಅಣಕಿಸುತ್ತಾರೆ.

ಬ್ರದರ್ ಅಂಬ್ರೋಜರ ಮೊದಲ ಕಾಲ್‌ನ ದನಿಯನ್ನು ಯಾರು ಕೇಳಿದರೂ ಮಾಡಿ ತೋರಿಸುತ್ತೇನೆ. ಮೂರನೆಯದನ್ನು ಮಾಡುವುದಿಲ್ಲ. ಒಮ್ಮೆ ಮನೆಯಲ್ಲಿ ಒಬ್ಬನೇ ಇದ್ದಾಗ ಮಾಡಿ ನೋಡಿದೆ. ಅರ್ಧದಲ್ಲೇ ಎದ್ದು ಹೋಗಿ ಕಿಟಕಿ ತೆರೆದೆ.